ಹಳೆ ಟ್ರ್ಯಾಕ್ಟರ್ ಲೋಡಿಗೆ ಬಂದರೆ ನಿಲ್ಲುತ್ತಿದೆಯೇ? ಪಂಪ್ ಬಿಚ್ಚಿಸುವ ಮೊದಲು ಡೀಸೆಲ್ ಎಲ್ಲಿ ನಿಂತಿದೆ ನೋಡಿ

ಶೆಡ್ಡಿನಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಹೊಲದವರೆಗೆ ಚೆನ್ನಾಗಿಯೇ ಓಡುತ್ತದೆ. ರೋಟವೇಟರ್ ಇಳಿಸಿ ಎರಡು ಸುತ್ತು ಹೋಗುವಷ್ಟರಲ್ಲಿ ಸದ್ದು ಕುಗ್ಗುತ್ತದೆ, ರೇಸ್ ಕೊಟ್ಟರೂ ಏರುವುದಿಲ್ಲ, ಒಂದೆರಡು ಸಲ ಏರಿಳಿದು ಬಂದ್. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಭದ್ರಾ ನಾಲೆಗೆ ನೀರು ಬಿಟ್ಟು ದಾವಣಗೆರೆ, ಹರಿಹರದ ಕಡೆ ಕೇಜ್ ವೀಲ್ ಹಾಕಿ ಕೆಸರು ಗದ್ದೆಗೆ ಇಳಿಯುವ ವಾರ, ಇಲ್ಲವೇ ಚಳ್ಳಕೆರೆ ಕಡೆ ಮೊದಲ ಮಳೆ ಬಿದ್ದು ಶೇಂಗಾ ಹೊಲ ಹರಗುವ ವಾರ ಈ ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚು. ತಿಂಗಳುಗಟ್ಟಲೆ ಟ್ರೈಲರ್ ಎಳೆದುಕೊಂಡು ಹಗುರವಾಗಿ ಓಡಿದ ಇಂಜಿನ್ನಿಗೆ ಅಂದೇ ಪೂರ್ತಿ ಡೀಸೆಲ್ ಬೇಕಾಗುವುದು.

ಲೆಕ್ಕ ಸರಳ. 35 ಎಚ್‌ಪಿ ಇಂಜಿನ್ ಖಾಲಿ ಓಡುವಾಗ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. ಪೂರ್ತಿ ಲೋಡಿಗೆ ಬಂದರೆ ಗಂಟೆಗೆ 7ರಿಂದ 8 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 130 ಮಿ.ಲೀ. ದಾರಿ ಅರ್ಧ ಕಟ್ಟಿದ್ದರೂ ಖಾಲಿ ಓಟಕ್ಕೆ ಸಾಲುತ್ತದೆ, ಲೋಡಿಗೆ ಸಾಲುವುದಿಲ್ಲ. ಆದ್ದರಿಂದ ‘ಶೆಡ್ಡಿನಲ್ಲಿ ಸರಿಯಾಗಿಯೇ ಇತ್ತು’ ಎಂಬ ಮಾತಿನಿಂದ ಏನೂ ಸಾಬೀತಾಗುವುದಿಲ್ಲ. ಇಂಥ ಟ್ರ್ಯಾಕ್ಟರಿನಲ್ಲಿ ಇಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ದೊಡ್ಡ ಪಂಪಿಗೆ (ಇಂಜೆಕ್ಷನ್ ಪಂಪ್) ಕೈ ಹಾಕುವುದು ಕಟ್ಟಕಡೆಯ ಕೆಲಸ. ತೊಂದರೆ ಬಹುಪಾಲು ಟ್ಯಾಂಕಿನ ಮುಚ್ಚಳದಿಂದ ಪಂಪಿನ ಬಾಯಿಯವರೆಗಿನ ದಾರಿಯಲ್ಲೇ ಇರುತ್ತದೆ. ಅದನ್ನು ಎರಡು ಪಾನಾ, ಒಂದು ಕ್ಯಾನ್ ಇದ್ದರೆ ಮನೆಯಲ್ಲೇ ಹುಡುಕಬಹುದು.

ಇಲ್ಲಿ ಹೇಳುವುದೆಲ್ಲ ಹಳೆಯ, ಕಂಪ್ಯೂಟರ್ ಇಲ್ಲದ ಡೀಸೆಲ್ ಟ್ರ್ಯಾಕ್ಟರಿಗೆ. ಈಚಿನ, ಕಂಪ್ಯೂಟರ್ ಹಿಡಿತದ ಸಿಆರ್‌ಡಿಐ (ಕಾಮನ್ ರೈಲ್) ಗಾಡಿಗಳ ಪೈಪಿನಲ್ಲಿ 1000 ಬಾರ್ ದಾಟಿದ ಒತ್ತಡ ಇರುತ್ತದೆ. ಅವುಗಳ ನಟ್ಟು ಸಡಿಲಿಸಲು ಹೋಗಬೇಡಿ.

ಮೊದಲು ಹೊಗೆ ನೋಡಿ

ಇಂಜಿನ್ ಬಲ ಕಳೆದುಕೊಳ್ಳುವಾಗ ಸೈಲೆನ್ಸರ್ ಕಡೆ ಒಬ್ಬರು ನಿಂತು ನೋಡಲಿ. ಡೀಸೆಲ್ ಸಾಲದೆ ನಿಲ್ಲುವ ಇಂಜಿನ್ನಿನ ಹೊಗೆ ಕಡಿಮೆಯಾಗುತ್ತಾ ಬರುತ್ತದೆ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿ ಏರ್ ಹಿಡಿದಿದ್ದರೆ ಸದ್ದು ಏರಿಳಿಯುತ್ತದೆ, ನಡುನಡುವೆ ಬಿಳಿ ಹೊಗೆ ಬುಸ್ಸೆನ್ನುತ್ತದೆ. ಕಪ್ಪು ಹೊಗೆ ದಟ್ಟವಾಗಿ ಬರುತ್ತಿದ್ದರೆ ಡೀಸೆಲ್ ಸಾಕಷ್ಟು ಬರುತ್ತಿದೆ, ಗಾಳಿ ಸಾಲುತ್ತಿಲ್ಲ ಎಂದರ್ಥ. ಆಗ ಈ ಬರಹ ಬದಿಗಿಟ್ಟು ಏರ್ ಕ್ಲೀನರ್ ಬಿಚ್ಚಿ. ಮೆಕ್ಕೆಜೋಳ ಒಕ್ಕಣೆ ಮೆಷಿನ್ನಿಗೆ ಕಟ್ಟಿದ್ದ ಟ್ರ್ಯಾಕ್ಟರಿನಲ್ಲಿ ಆಯಿಲ್ ಬಟ್ಟಲು ಹೊಟ್ಟು, ಧೂಳು ತುಂಬಿ ಕೆಸರಾಗಿರುವುದು ಸಾಮಾನ್ಯ.

ಯಾವ ಹೊತ್ತಿಗೆ ನಿಲ್ಲುತ್ತದೆ ಎನ್ನುವುದೂ ಗುಟ್ಟು ಬಿಟ್ಟುಕೊಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿ, ಕೈಯಿಂದ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರ್ ಹೊಡೆದ ಮೇಲೆ ದಿನವಿಡೀ ಸರಿಯಾಗಿ ಓಡಿದರೆ ರಾತ್ರಿ ಎಲ್ಲೋ ಏರ್ ಒಳಗೆ ಹೋಗಿ ಡೀಸೆಲ್ ಹಿಂದಕ್ಕೆ ಇಳಿದಿದೆ. ಸುಲಭವಾಗಿ ಸ್ಟಾರ್ಟ್ ಆಗಿ ಲೋಡಿನಲ್ಲಿ ಮಾತ್ರ ಸತ್ತರೆ ದಾರಿ ಕಟ್ಟಿದೆ. ಡೀಸೆಲ್ ತುಂಬಿಸಿಕೊಂಡು ಬಂದ ಸ್ವಲ್ಪ ಹೊತ್ತಿಗೇ ಶುರುವಾದರೆ ನೀರು, ಇಲ್ಲವೇ ತಳದ ಕಸ ಕದಡಿದ್ದು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ಅಥವಾ ಬದು ಹತ್ತಿ ಓರೆಯಾದಾಗ ಮಾತ್ರ ನಿಂತರೆ ಟ್ಯಾಂಕಿನ ಒಳಗಿನ ಕೊಳವೆ ನೋಡಬೇಕು.

ಡೀಸೆಲ್ ನಡೆಯುವ ದಾರಿ

ಟ್ಯಾಂಕ್, ಅದರ ಕೆಳಗಿನ ನಲ್ಲಿ, ಪೈಪು, ಕೆಲವದರಲ್ಲಿ ಗಾಜಿನ ಬಟ್ಟಲು, ಆಮೇಲೆ ಡೀಸೆಲ್ ಎಳೆದು ಮುಂದೆ ತಳ್ಳುವ ಫೀಡ್ ಪಂಪ್, ಮೊದಲ ಫಿಲ್ಟರ್, ಎರಡನೇ ಫಿಲ್ಟರ್, ದೊಡ್ಡ ಪಂಪ್, ಅಲ್ಲಿಂದ ಕಬ್ಬಿಣದ ಪೈಪಿನಲ್ಲಿ ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನೋಜಲ್. ಉಳಿದ ಡೀಸೆಲ್ ಓವರ್‌ಫ್ಲೋ ಪೈಪಿನಲ್ಲಿ ಟ್ಯಾಂಕಿಗೋ ಫಿಲ್ಟರಿಗೋ ವಾಪಸು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆಯುವ ಭಾಗ, ಫೀಡ್ ಪಂಪ್ ಆದಮೇಲೆ ತಳ್ಳುವ ಭಾಗ. ತಳ್ಳುವ ಭಾಗದಲ್ಲಿ ಜಾಯಿಂಟ್ ಸಡಿಲವಾದರೆ ಡೀಸೆಲ್ ಹೊರಗೆ ಒಸರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಭಾಗದಲ್ಲಿ ಸಡಿಲವಾದರೆ ಇಂಜಿನ್ ಓಡುವಾಗ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣದೆ ಇರಬಹುದು. ‘ಎಲ್ಲೂ ಲೀಕ್ ಇಲ್ಲ, ಆದರೂ ಏರ್ ಹಿಡಿಯುತ್ತದೆ’ ಎನ್ನುವ ಗಾಡಿಗಳ ಕಥೆ ಇದೇ.

ಕೆಲಸಕ್ಕೆ ಬೇಕಾದದ್ದು: 10ರಿಂದ 19ರವರೆಗಿನ ಪಾನಾ ಸೆಟ್, ಒಂದು ಸ್ಕ್ರೂಡ್ರೈವರ್, 5 ಲೀಟರಿನ ಸ್ವಚ್ಛ ಕ್ಯಾನ್, ಡೀಸೆಲ್ ತಡೆಯುವ ಪಾರದರ್ಶಕ ಪೈಪು ಎರಡು ಮೀಟರ್, ನಾಲ್ಕು ಕ್ಲಿಪ್, ಒಂದು ಲೀಟರಿನ ಖಾಲಿ ಬಾಟಲಿ, ಬ್ಯಾಂಜೋ ಬೋಲ್ಟಿನ (ಪೈಪು ಜೋಡಿಸುವ, ನಡುವೆ ತೂತಿರುವ ಬೋಲ್ಟ್) ಅಳತೆಗೆ ಹೊಂದುವ ಹೊಸ ಕಾಪರ್ ವಾಷರ್ ಹತ್ತಾರು. ವೇಸ್ಟ್ ದಾರ ಬೇಡ. ಅದರ ಒಂದು ಎಳೆ ಸಾಕು ವಾಲ್ವ್ ಕೂರದಂತೆ ಮಾಡಲು. ಹಳೆಯ ಕಾಟನ್ ಪಂಚೆ ಒಗೆದು ಒಣಗಿಸಿಟ್ಟುಕೊಳ್ಳಿ. ಬಿಚ್ಚುವ ಮೊದಲು ಪಂಪು, ಫಿಲ್ಟರಿನ ಸುತ್ತ ಡೀಸೆಲ್ ಹಚ್ಚಿ ಬ್ರಷ್ಷಿನಿಂದ ಮಣ್ಣು ತೆಗೆಯಿರಿ. ಬಿಚ್ಚಿದ ಮೇಲೆ ಒರೆಸಿದರೆ ಮಣ್ಣು ಒಳಗೇ ಹೋಗುತ್ತದೆ.

ಮುಚ್ಚಳ

ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಇಂಜಿನ್ ಕುಗ್ಗುತ್ತಿರುವಾಗಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿ. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಬಂದು, ಅರ್ಧ ನಿಮಿಷದಲ್ಲಿ ಇಂಜಿನ್ ಚೇತರಿಸಿಕೊಂಡರೆ ಅಲ್ಲಿಗೆ ಕೆಲಸ ಮುಗಿಯಿತು. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಕೆಸರು, ಪೇಂಟು, ಇಲ್ಲವೇ ಕುಂಬಾರ ಹುಳು ಕಟ್ಟಿದ ಮಣ್ಣು ಅದನ್ನು ಮುಚ್ಚುತ್ತದೆ. ಡೀಸೆಲ್ ಹೋದಷ್ಟು ಗಾಳಿ ಬರದಿದ್ದರೆ ಟ್ಯಾಂಕಿನಲ್ಲಿ ಎಳೆತ ಉಂಟಾಗಿ ಹರಿವು ನಿಲ್ಲುತ್ತದೆ. ತೆಳು ತಂತಿಯಿಂದ ತೂತು ಬಿಡಿಸಿ, ಡೀಸೆಲ್‌ನಲ್ಲಿ ತೊಳೆಯಿರಿ. ಮುಚ್ಚಳ ಕಳೆದುಹೋಗಿ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಹಾಕಿದ ಗಾಡಿಗಳಿಗೂ ಇದೇ ಗತಿ. ಬಟ್ಟೆ ತುರುಕಿದರೆ ಇನ್ನೂ ಕೆಟ್ಟದ್ದು, ಎಂದೋ ಒಂದು ದಿನ ಅದು ಒಳಗೆ ಬಿದ್ದು ನೇರ ಹೊರದಾರಿಗೇ ಹೋಗಿ ಕೂರುತ್ತದೆ.

ಟ್ಯಾಂಕ್ ಮತ್ತು ಪೈಪು

ನಲ್ಲಿ ಬಂದ್ ಮಾಡಿ, ಫೀಡ್ ಪಂಪಿಗೆ ಬರುವ ಪೈಪನ್ನು ಪಂಪಿನ ಕಡೆ ಬಿಚ್ಚಿ ಬಾಟಲಿಯೊಳಗೆ ಇಡಿ. ನಲ್ಲಿ ಪೂರ್ತಿ ತೆರೆಯಿರಿ. ಟ್ಯಾಂಕ್ ಪಂಪಿಗಿಂತ ಮೇಲಿರುವ ಗಾಡಿಯಲ್ಲಿ ಲೀಟರ್ ಬಾಟಲಿ ಒಂದೆರಡು ನಿಮಿಷದೊಳಗೆ ತುಂಬಬೇಕು. ಇಂಜಿನ್ನಿಗೆ ಬೇಕಾದದ್ದು ಇದರ ನಾಲ್ಕನೇ ಒಂದು ಪಾಲು ಮಾತ್ರ, ಆದರೂ ಓವರ್‌ಫ್ಲೋಗೆ ಹೋಗುವುದೂ ಸೇರಿ ಇಷ್ಟಿದ್ದರೆ ನೆಮ್ಮದಿ. ಬಾಟಲಿ ತುಂಬಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ನಾಲ್ಕೈದು ಲೀಟರ್ ಹರಿಯಲು ಬಿಡಿ. ಮೊದಲು ರಭಸವಾಗಿ ಬಂದು ಆಮೇಲೆ ಸಣ್ಣಗಾದರೆ ಟ್ಯಾಂಕಿನೊಳಗೆ ಏನೋ ತೇಲಿಬಂದು ಬಾಯಿಗೆ ಅಂಟುತ್ತಿದೆ. ‘ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ’ ಎಂಬ ಲಕ್ಷಣದ ಮೂಲ ಹೆಚ್ಚಾಗಿ ಇಲ್ಲೇ: ಇಂಜಿನ್ ನಿಂತಾಗ ಎಳೆತ ನಿಂತು ಕಸ ಜಾರಿ ಕೆಳಗೆ ಬೀಳುತ್ತದೆ, ಮತ್ತೆ ಓಡಿಸಿದಾಗ ಮತ್ತೆ ಬಂದು ಕೂರುತ್ತದೆ.

ಬಿಚ್ಚಿದ ಪೈಪಿನಿಂದ ಟ್ಯಾಂಕಿನ ಕಡೆಗೆ ಗಾಳಿ ಊದಿದರೆ ತಾತ್ಕಾಲಿಕವಾಗಿ ಬಿಡಿಸಿಕೊಳ್ಳುತ್ತದೆ, ಕಸ ಮಾತ್ರ ಒಳಗೇ ಉಳಿಯುತ್ತದೆ. ಊದುವಾಗ ಮುಚ್ಚಳ ತೆಗೆದಿರಬೇಕು. ಮುಚ್ಚಿದ ಟ್ಯಾಂಕಿಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಡುವುದು ಅಪಾಯ, ತಗಡಿನ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಸರಿಯಾದ ದಾರಿ ಎಂದರೆ ನಲ್ಲಿಯನ್ನೇ ಟ್ಯಾಂಕಿನಿಂದ ಕಳಚುವುದು. ಬಹಳಷ್ಟು ನಲ್ಲಿಗಳಿಗೆ ಒಳಗೆ ಒಂದಿಂಚಿನಷ್ಟು ಎದ್ದು ನಿಂತ ಕೊಳವೆಯೂ ಜಾಲರಿಯೂ ಇರುತ್ತವೆ. ತಳದ ನೀರು, ಕಸ ಹೊರಗೆ ಹೋಗದಿರಲಿ ಎಂದೇ ಆ ಎತ್ತರ. ಕೊಳವೆಯ ಬುಡದಲ್ಲಿ ಬಿರುಕು ಬಿಟ್ಟಿದ್ದರೆ ತಳದ ಕಸವೆಲ್ಲ ನೇರ ದಾರಿಗೆ ಇಳಿಯುತ್ತದೆ. ಜಾಲರಿ ಕಟ್ಟುತ್ತದೆಂದು ಕಿತ್ತೆಸೆಯುವವರಿದ್ದಾರೆ, ಆಮೇಲೆ ಕಟ್ಟುವುದು ಕೈಗೆ ಸಿಗದ ಜಾಗದಲ್ಲಿ.

ಟ್ಯಾಂಕ್ ತೊಳೆಯುವುದಾದರೆ ಇಳಿಸಿಯೇ ತೊಳೆಯಿರಿ. ಮೂರ್ನಾಲ್ಕು ಲೀಟರ್ ಡೀಸೆಲ್, ಜೊತೆಗೆ ಒಂದು ಮೀಟರ್ ಸ್ವಚ್ಛವಾದ ಸಣ್ಣ ಸರಪಳಿ ಹಾಕಿ ಎಲ್ಲ ಮಗ್ಗುಲಿಗೂ ಅಲ್ಲಾಡಿಸಿದರೆ ತುಕ್ಕಿನ ಹಕ್ಕಳೆ ಬಿಡುತ್ತದೆ. ಸರಪಳಿಯ ಒಂದು ತುದಿ ಹೊರಗೆ ತಂತಿಗೆ ಕಟ್ಟಿರಲಿ. ಬಂದ ಡೀಸೆಲ್ ತಿಳಿಯಾಗುವವರೆಗೆ ಬದಲಿಸಿ. ತಳದಲ್ಲಿ ಕಪ್ಪಗೆ ಜೊಲ್ಲಿನಂಥ ಲೋಳೆ ಸಿಕ್ಕಿದರೆ ಅದು ಡೀಸೆಲ್ ಮತ್ತು ನೀರು ಕೂಡುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದು. ನೀರು ಇರುವವರೆಗೆ ಅದು ಮತ್ತೆ ಬರುತ್ತದೆ. ಟ್ಯಾಂಕ್ ತೂತಾಗಿದ್ದರೆ ಡೀಸೆಲ್ ಖಾಲಿ ಮಾಡಿದ ಕೂಡಲೇ ವೆಲ್ಡಿಂಗಿಗೆ ಒಯ್ಯಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು. ಟ್ಯಾಂಕ್ ರಿಪೇರಿ ತಿಳಿದವರಲ್ಲಿ ಬಿಸಿನೀರು, ಸೋಪಿನಿಂದ ತೊಳೆಸಿ, ಆವಿ ಹೋಗಿದೆಯೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಬೆಂಕಿ ತಾಗಿಸಬೇಕು.

ರಬ್ಬರ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಪದರ ಸುಲಿದು ನಾಲಿಗೆಯಂತೆ ಜೋತು ಬಿದ್ದಿರಬಹುದು. ಒಂದು ಕಡೆಯಿಂದ ಊದಿದರೆ ಗಾಳಿ ಹೋಗುತ್ತದೆ, ಇನ್ನೊಂದು ಕಡೆಯಿಂದ ಹೋಗುವುದಿಲ್ಲ. ಅಂಥದ್ದನ್ನು ಬಿಸಾಡಿ. ನೀರಿನ ಪ್ಲಾಸ್ಟಿಕ್ ಪೈಪು ಹಾಕಿದರೆ ಒಂದೇ ಬೇಸಿಗೆಗೆ ಸೆಟೆದು ಬಿರುಕು ಬಿಡುತ್ತದೆ, ಡೀಸೆಲ್ ಪೈಪೇ ಕೊಳ್ಳಿ.

ಕ್ಯಾನ್ ಪರೀಕ್ಷೆ

ಇಡೀ ಕೆಲಸದಲ್ಲಿ ಒಂದೇ ಒಂದನ್ನು ಮಾಡಲು ಹೊತ್ತಿದ್ದರೆ ಇದನ್ನು ಮಾಡಿ. 5 ಲೀಟರ್ ಕ್ಯಾನಿಗೆ ಸೋಸಿದ ಸ್ವಚ್ಛ ಡೀಸೆಲ್ ತುಂಬಿ, ಪಂಪಿಗಿಂತ ಎರಡಡಿ ಮೇಲೆ, ಸೈಲೆನ್ಸರ್ ಇಲ್ಲದ ಮಗ್ಗುಲಿಗೆ ಅಲುಗದಂತೆ ಕಟ್ಟಿ. ಕ್ಯಾನಿನ ಮುಚ್ಚಳಕ್ಕೆ ಗಾಳಿಯಾಡುವ ತೂತು ಇರಲಿ. ಅದರಿಂದ ಪಾರದರ್ಶಕ ಪೈಪನ್ನು ನೇರ ಫೀಡ್ ಪಂಪಿನ ಒಳಬಾಯಿಗೆ ಕ್ಲಿಪ್ ಹಾಕಿ ಜೋಡಿಸಿ, ಕೆಳಗೆ ಹೇಳಿದ ಕ್ರಮದಲ್ಲಿ ಏರ್ ತೆಗೆದು, ಕಲ್ಟಿವೇಟರ್ ಇಳಿಸಿ ಹದಿನೈದು ನಿಮಿಷ ಹೊಡೆಯಿರಿ. ಓವರ್‌ಫ್ಲೋ ಟ್ಯಾಂಕಿಗೆ ಹೋಗುವ ಗಾಡಿಯಲ್ಲಿ ಕ್ಯಾನ್ ಎಣಿಸಿದ್ದಕ್ಕಿಂತ ಬೇಗ ಖಾಲಿಯಾಗುತ್ತದೆ, ಕಣ್ಣಿಟ್ಟಿರಿ.

ಈಗ ಇಂಜಿನ್ ದಮ್ಮು ಬಿಡದೆ ಎಳೆದರೆ ಫೀಡ್ ಪಂಪ್, ಫಿಲ್ಟರ್, ದೊಡ್ಡ ಪಂಪ್ ಎಲ್ಲವೂ ಸರಿ. ತಪ್ಪು ಮುಚ್ಚಳ, ಟ್ಯಾಂಕ್, ನಲ್ಲಿ, ಪೈಪು ಇವುಗಳಲ್ಲೇ ಇದೆ. ಆಗಲೂ ಸತ್ತರೆ ಕ್ಯಾನಿನ ಪೈಪನ್ನು ಫೀಡ್ ಪಂಪ್ ಬಿಟ್ಟು ಮೊದಲ ಫಿಲ್ಟರಿನ ಒಳಬಾಯಿಗೆ ಕೊಡಿ. ಫೀಡ್ ಪಂಪಿನ ತಳ್ಳುವಿಕೆ ಇಲ್ಲದೆ ಬರೀ ಎತ್ತರದಿಂದ ಇಳಿಯುವ ಡೀಸೆಲ್‌ನಲ್ಲೇ ಮೊದಲಿಗಿಂತ ಚೆನ್ನಾಗಿ ಓಡಿತೋ, ಫೀಡ್ ಪಂಪ್ ಕೆಲಸ ಮಾಡುತ್ತಿಲ್ಲ. ಹಾಗೂ ಆಗದಿದ್ದರೆ ಫಿಲ್ಟರ್ ಅಥವಾ ಅದರಾಚೆ. ಅಂದಾಜಿಗೆ ಹೊಸ ಸಾಮಾನು ಹಾಕುತ್ತಾ ಹೋಗುವುದಕ್ಕಿಂತ ಈ ಅರ್ಧ ಗಂಟೆ ಅಗ್ಗ.

ಫೀಡ್ ಪಂಪ್

ಎರಡು ಜಾತಿ. ಸಾಲಾಗಿ ನೋಜಲ್ ಪೈಪು ಹೊರಡುವ ಉದ್ದನೆಯ ದೊಡ್ಡ ಪಂಪಿದ್ದರೆ ಅದರ ಮಗ್ಗುಲಿಗೇ ಸಣ್ಣ ಫೀಡ್ ಪಂಪ್ ಅಂಟಿಕೊಂಡಿರುತ್ತದೆ, ಮೇಲೆ ತಿರುಗಿಸಿ ಎತ್ತುವ ಹ್ಯಾಂಡ್ ಪ್ರೈಮರ್ ಇರುತ್ತದೆ. ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದರೂ ನಮ್ಮ ಕಡೆ ಇದು ಇಂದಿಗೂ ಮೈಕೋ ಪಂಪೇ. ಪೈಪುಗಳು ವೃತ್ತಾಕಾರವಾಗಿ ಹೊರಡುವ ರೋಟರಿ ಪಂಪಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಜಿನ್ ಬ್ಲಾಕಿಗೆ ಕೂರಿಸಿದ, ಕೆಳಗೆ ಸಣ್ಣ ಲಿವರ್ ಇರುವ ಡಯಾಫ್ರಾಮ್ ಪಂಪ್ ಇರುತ್ತದೆ. ಇದನ್ನು ಎಸಿ ಪಂಪ್ ಎನ್ನುವವರೂ ಇದ್ದಾರೆ.

ಹ್ಯಾಂಡ್ ಪ್ರೈಮರ್ ಕೈಗೆ ಹೇಗೆ ಸಿಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಮೇಲೆಳೆಯಲು ಬಿಗಿಯಾಗಿ, ಬಿಟ್ಟರೆ ತಾನೇ ಒಳಗೆ ಎಳೆದುಕೊಂಡರೆ ಟ್ಯಾಂಕಿನ ಕಡೆ ಕಟ್ಟಿದೆ. ಒತ್ತಲು ಮೊದಲ ಪೆಟ್ಟಿನಿಂದಲೇ ಗಟ್ಟಿ, ಆದರೆ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿದರೂ ಡೀಸೆಲ್ ಬಾರದಿದ್ದರೆ ಮುಂದೆ ಕಟ್ಟಿದೆ. ಎಷ್ಟು ಹೊಡೆದರೂ ಗಟ್ಟಿಯಾಗದೆ ಗಾಳಿ ತುಳಿದಂತಾದರೆ ಏರ್ ಎಳೆಯುತ್ತಿದೆ ಅಥವಾ ಒಳಗಿನ ವಾಲ್ವ್ ಕೂರುತ್ತಿಲ್ಲ. ಸರಿಯಿರುವ ವ್ಯವಸ್ಥೆಯಲ್ಲಿ ಹದಿನೈದು ಇಪ್ಪತ್ತು ಪೆಟ್ಟಿಗೆ ಕೈಗೆ ಬಿಗಿ ಬರಬೇಕು.

ಈ ಪಂಪಿನ ಒಳಬಾಯಿಯ ಬೋಲ್ಟಿನಲ್ಲೋ ಕೆಳಗಿನ ಬಟ್ಟಲಿನಲ್ಲೋ ಬೆರಳುಗುರಿನಷ್ಟು ಒಂದು ಸಣ್ಣ ಜಾಲರಿ ಇರುತ್ತದೆ. ಅದು ಇದೆ ಎಂದೇ ಬಹಳ ಜನರಿಗೆ ತಿಳಿದಿರುವುದಿಲ್ಲ, ಎರಡು ಫಿಲ್ಟರ್ ಹೊಸದು ಹಾಕಿಯೂ ಗಾಡಿ ಎಳೆಯದಿದ್ದಾಗ ಕೊನೆಗೆ ಇಲ್ಲಿ ಸಿಕ್ಕಿಬೀಳುತ್ತದೆ. ತೆಗೆದು ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆಯಿರಿ. ವಾಲ್ವ್ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಮುರಿದಿದೆಯೇ, ವಾಲ್ವಿನ ಮುಖದಲ್ಲಿ ಗುಳಿ ಬಿದ್ದಿದೆಯೇ ನೋಡಿ. ಕಿಟ್ ಸಿಗುತ್ತದೆ. ಪ್ರೈಮರನ್ನು ಒತ್ತಿ ಪೂರ್ತಿ ತಿರುಗಿಸಿ ಬಿಗಿ ಮಾಡದೆ ಬಿಟ್ಟರೆ ಅದೇ ಏರ್ ಎಳೆಯುವ ಬಾಯಿಯಾಗುತ್ತದೆ.

ಡಯಾಫ್ರಾಮ್ ಪಂಪಿನ ಲಿವರ್ ಆಡಿಸಿದರೆ ಏನೂ ಸಿಗುತ್ತಿಲ್ಲವೆಂದು ಪಂಪ್ ಬದಲಿಸಬೇಡಿ. ಕ್ಯಾಮ್ ಅದನ್ನು ಆಗಲೇ ಒತ್ತಿ ಹಿಡಿದಿದ್ದರೆ ಕೈಗೆ ಆಟ ಇರುವುದಿಲ್ಲ. ಇಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಇದರಲ್ಲಿ ನಿಜವಾದ ಅಪಾಯ ಬೇರೆ: ಡಯಾಫ್ರಾಮ್ ಹರಿದರೆ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಏರಿದ್ದು, ತೆಳ್ಳಗಾಗಿದ್ದು, ಡೀಸೆಲ್ ವಾಸನೆ ಬಂದದ್ದು ಕಂಡರೆ ಅಲ್ಲೇ ನಿಲ್ಲಿಸಿ. ಪಂಪ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿದ ಮೇಲಷ್ಟೇ ಮುಂದೆ. ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ.

ಏರ್ ಎಲ್ಲಿಂದ?

ಪಾರದರ್ಶಕ ಪೈಪಿನ ಒಂದು ಗೇಣು ತುಂಡನ್ನು ಫೀಡ್ ಪಂಪ್ ಮತ್ತು ಫಿಲ್ಟರ್ ನಡುವೆ ಜೋಡಿಸಿ ಇಂಜಿನ್ ಓಡಿಸಿ. ಮೊದಲ ಒಂದೆರಡು ನಿಮಿಷ ಗುಳ್ಳೆ ಬಂದರೆ ಚಿಂತೆಯಿಲ್ಲ. ಆಮೇಲೂ ಸಾಲುಸಾಲಾಗಿ ಬರುತ್ತಿದ್ದರೆ ಎಳೆಯುವ ಭಾಗದಲ್ಲಿ ಸಂದು ಇದೆ. ಒಂದೊಂದೇ ಜಾಯಿಂಟಿಗೆ ದಪ್ಪನೆಯ ಗ್ರೀಸ್ ಸುತ್ತ ಮೆತ್ತುತ್ತಾ ಬನ್ನಿ. ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಂತಿತೋ ಅದೇ ಕಳ್ಳ. ಗ್ರೀಸ್ ಹುಡುಕಲು ಮಾತ್ರ, ರಿಪೇರಿಗಲ್ಲ. ಎಂ-ಸೀಲ್, ಸೈಕಲ್ ಟ್ಯೂಬು, ಸೋಪು ಸುತ್ತಿದ ಜಾಯಿಂಟ್ ಮರುವಾರ ಮತ್ತೆ ಬಿಡುತ್ತದೆ.

ಬ್ಯಾಂಜೋ ಬೋಲ್ಟಿಗೆ ಎರಡು ಕಡೆಯೂ ಹೊಸ ಕಾಪರ್ ವಾಷರ್ ಹಾಕಿ. ಹಳೆಯದು ಒತ್ತಿ ಒತ್ತಿ ಗಡುಸಾಗಿರುತ್ತದೆ, ಸರಿಯಾಗಿ ಕೂರುವುದಿಲ್ಲ. ಹೊಲದಲ್ಲಿ ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಒರೆಸಿ ಹಾಕಿದರೆ ಮೆತ್ತಗಾಗಿ ಒಂದು ಸಲಕ್ಕೆ ಕೂರುತ್ತದೆ. ಲೀಕ್ ನಿಲ್ಲಲೆಂದು ಬೋಲ್ಟನ್ನು ಬಲವಾಗಿ ಎಳೆದು ಬಿಗಿ ಮಾಡಿದರೆ ತೂತಿರುವ ಬೋಲ್ಟ್ ಅಲ್ಲೇ ಮುರಿಯುತ್ತದೆ, ಅಥವಾ ಫಿಲ್ಟರ್ ತಲೆಯ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ.

ಫಿಲ್ಟರ್ ಮತ್ತು ನೀರು

ಮೊದಲ ಫಿಲ್ಟರನ್ನು ಸುಮಾರು 250 ಗಂಟೆಗೆ, ಎರಡನೆಯದನ್ನು 500 ಗಂಟೆಗೆ ಬದಲಿಸುವುದು ರೂಢಿ. ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಮೀಟರ್ ಕೆಟ್ಟ ಗಾಡಿಯಲ್ಲಿ ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿಗೆ ಮೊದಲು ಒಮ್ಮೆ ಎಂದಿಟ್ಟುಕೊಳ್ಳಿ. ಕಾಗದದ ಫಿಲ್ಟರನ್ನು ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕುವುದು ಉಳಿತಾಯವಲ್ಲ. ಕಣ್ಣಿಗೆ ಕಾಣದ ಬಿರುಕಿನಿಂದ ಧೂಳು ದಾಟಿ ನೇರ ದೊಡ್ಡ ಪಂಪಿನಲ್ಲಿ ಡೀಸೆಲ್ ಒತ್ತಿ ಕಳಿಸುವ ಎಲಿಮೆಂಟನ್ನು ಉಜ್ಜುತ್ತದೆ.

ಹೊಸದು ಹಾಕುವಾಗ ಫಿಲ್ಟರ್ ತಲೆಯ ಕಚ್ಚಿನಲ್ಲಿ ಹಳೆ ಓ-ರಿಂಗ್ ಅಂಟಿಕೊಂಡು ಉಳಿದಿದೆಯೇ ಬೆರಳಾಡಿಸಿ ನೋಡಿ. ಹಳೆಯದರ ಮೇಲೆ ಹೊಸದು ಕೂತರೆ ಅಂದಿಗೆ ಸರಿ ಕಂಡು ಮರುದಿನ ಒಸರುತ್ತದೆ. ಫಿಲ್ಟರಿನ ನಡು ತೂತಿಗೆ ಡೀಸೆಲ್ ಸುರಿದು ತುಂಬಿಸಬೇಡಿ. ಅದು ಸೋಸಿದ ಕಡೆ, ನೀವು ಸುರಿದ ಕಸ ಯಾವ ತಡೆಯೂ ಇಲ್ಲದೆ ಪಂಪಿಗೆ ಹೋಗುತ್ತದೆ. ಪ್ರೈಮರ್ ಹೊಡೆದೇ ತುಂಬಿಸಿ.

ಬಿಚ್ಚಿದ ಹಳೆ ಫಿಲ್ಟರನ್ನು ಎಸೆಯುವ ಮೊದಲು ಹರಿದು ನೋಡಿ. ಕಂದು ಹಕ್ಕಳೆ ಇದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ. ಕಪ್ಪು ಲೋಳೆ ಇದ್ದರೆ ಮೇಲೆ ಹೇಳಿದ ಸೂಕ್ಷ್ಮಜೀವಿ. ಕಾಗದ ಉಬ್ಬಿ ಸುಕ್ಕುಗಟ್ಟಿದ್ದರೆ ನೀರು. ನುಣ್ಣನೆಯ ಕೆಂಪು ಅಥವಾ ಎರೆ ಮಣ್ಣಿನ ಪುಡಿ ಇದ್ದರೆ ಡೀಸೆಲ್ ಹಾಕುವ ಕ್ಯಾನು, ಲಾಳಿಕೆಯಿಂದ ಬಂದದ್ದು.

ನೀರಿನ ಅನುಮಾನ ಇದ್ದರೆ ರಾತ್ರಿ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮೊದಲು, ಫಿಲ್ಟರ್ ತಳದ ಡ್ರೈನ್ ತಿರುಪು ಸಡಿಲಿಸಿ ನೂರು ಮಿ.ಲೀ. ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಬಿಟ್ಟರೆ ನೀರು ತಳಕ್ಕೆ ಇಳಿದು ಗೆರೆ ಕಾಣುತ್ತದೆ. ಡೀಸೆಲ್ ಹಾಲಿನಂತೆ ಮಂಕಾಗಿದ್ದರೂ ನೀರು ಬೆರೆತಿದೆ ಎಂದೇ. ಮಳೆಗಾಲದಲ್ಲಿ ಬಯಲಲ್ಲಿ ನಿಲ್ಲುವ ಗಾಡಿಯ ಮುಚ್ಚಳದ ವಾಷರ್ ಹೋಗಿದ್ದರೆ ನೀರು ನೇರ ಇಳಿಯುತ್ತದೆ. ಚಳಿಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ರಾತ್ರಿ ಹನಿ ಕಟ್ಟಿ ಇಳಿಯುತ್ತದೆ. ಅದಕ್ಕೇ ಡೀಸೆಲನ್ನು ಬೆಳಿಗ್ಗೆಗಿಂತ ಸಂಜೆ ಕೆಲಸ ಮುಗಿಸಿ ತುಂಬಿಸುವುದು ಒಳ್ಳೆಯದು. ಬಂಕಿನಿಂದ ಡ್ರಮ್ಮಿನಲ್ಲಿ ತಂದು ಇಡುವವರು ಒಂದು ದಿನ ಅಲುಗಿಸದೆ ಬಿಟ್ಟು, ತಳದ ಮೂರಿಂಚು ಬಿಟ್ಟು ಮೇಲಿನದನ್ನು ಮಾತ್ರ ತೆಗೆದು, ಸಣ್ಣ ಜಾಲರಿಯ ಲಾಳಿಕೆಯಲ್ಲಿ ಸೋಸಿ ಹಾಕಿ. ಔಷಧ, ಗೊಬ್ಬರ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಡೀಸೆಲ್‌ಗೆ ಬೇಡ. ಸೀಮೆಎಣ್ಣೆ ಬೆರೆಸುವ ಚಾಳಿಯೂ ಬೇಡ. ಪಂಪಿನ ಒಳಭಾಗಗಳಿಗೆ ಜಿಡ್ಡು ಕೊಡುವುದು ಡೀಸೆಲ್ಲೇ, ಸೀಮೆಎಣ್ಣೆಗೆ ಆ ಜಿಡ್ಡಿಲ್ಲ.

ಕಣ್ತಪ್ಪುವ ಎರಡು ಜಾಗ

ಸ್ಟಾಪ್ ಕೇಬಲ್: ಎಳೆದು ಬಂದ್ ಮಾಡುವ ತಂತಿ ತುಕ್ಕು ಹಿಡಿದು ಪೂರ್ತಿ ವಾಪಸು ಹೋಗದಿದ್ದರೆ ಪಂಪಿನ ಲಿವರ್ ಅರ್ಧ ಬಂದ್ ಸ್ಥಿತಿಯಲ್ಲೇ ಉಳಿಯುತ್ತದೆ. ಪಂಪಿನ ಬಳಿ ತಂತಿ ಕಳಚಿ ಲಿವರನ್ನು ಕೈಯಿಂದ ಪೂರ್ತಿ ಹಿಂದೆ ಇಟ್ಟು ಓಡಿಸಿ ನೋಡಿ. ರೇಸ್ ಲಿವರ್ ಕೂಡ ಕೊನೆಯ ಬೋಲ್ಟಿಗೆ ಮುಟ್ಟುತ್ತದೆಯೇ ಎಂದು ಹಾಗೆಯೇ ನೋಡಿಕೊಳ್ಳಿ.

ಓವರ್‌ಫ್ಲೋ ವಾಲ್ವ್: ಉದ್ದನೆಯ ಪಂಪಿನಲ್ಲಿ ವಾಪಸು ಪೈಪಿನ ಬೋಲ್ಟ್ ಬರೀ ಬೋಲ್ಟಲ್ಲ, ಒಳಗೆ ಸ್ಪ್ರಿಂಗ್ ಮತ್ತು ಗುಂಡು ಇರುತ್ತದೆ. ಪಂಪಿನ ಹೊಟ್ಟೆಯಲ್ಲಿ ಒಂದು ಬಾರ್ ಆಸುಪಾಸಿನ ಒತ್ತಡ ಹಿಡಿದಿಡುವುದು ಅದರ ಕೆಲಸ. ಯಾರೋ ಅದರ ಜಾಗಕ್ಕೆ ಸಾದಾ ಬ್ಯಾಂಜೋ ಬೋಲ್ಟ್ ಹಾಕಿದ್ದರೆ, ಅಥವಾ ಸ್ಪ್ರಿಂಗ್ ಮುರಿದಿದ್ದರೆ, ಡೀಸೆಲ್ ಎಲಿಮೆಂಟಿಗೆ ತುಂಬುವ ಮೊದಲೇ ವಾಪಸು ಹರಿದುಹೋಗುತ್ತದೆ. ಎಲ್ಲ ಹೊಸದು, ಏರ್ ಇಲ್ಲ, ಆದರೂ ಲೋಡಿನಲ್ಲಿ ದಮ್ಮಿಲ್ಲ ಎನ್ನುವ ಗಾಡಿಯಲ್ಲಿ ಇದನ್ನು ಬಿಚ್ಚಿ ಅಲ್ಲಾಡಿಸಿ, ಊದಿ ನೋಡಿ. ಯಾವ ಕಡೆಯಿಂದಲೂ ಸರಾಗವಾಗಿ ಗಾಳಿ ಹೋಗಬಾರದು.

ಏರ್ ತೆಗೆಯುವ ಕ್ರಮ

ದಾರಿಯಲ್ಲಿ ಏನೇ ಬಿಚ್ಚಿದ್ದರೂ ಕೊನೆಗೆ ಇದನ್ನು ಮಾಡಲೇಬೇಕು. ಟ್ಯಾಂಕಿನ ಕಡೆಯಿಂದ ನೋಜಲ್ ಕಡೆಗೆ, ಹಿಂದುಮುಂದಾಗದಂತೆ.

1. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇರಲಿ, ನಲ್ಲಿ ಪೂರ್ತಿ ತೆರೆದಿರಲಿ, ಗಾಡಿ ಸಮತಟ್ಟಿನಲ್ಲಿರಲಿ.

2. ಮೊದಲ ಫಿಲ್ಟರ್ ತಲೆಯ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಪ್ರೈಮರ್ ಹೊಡೆಯಿರಿ. ನೊರೆ ನಿಂತು ಗಟ್ಟಿ ಧಾರೆ ಬಂದಾಗ, ಧಾರೆ ಬರುತ್ತಿರುವಾಗಲೇ, ಬಿಗಿ ಮಾಡಿ.

3. ಎರಡನೇ ಫಿಲ್ಟರಿಗೂ ಹಾಗೆಯೇ. ಹೊಸ ಫಿಲ್ಟರ್ ಹಾಕಿದ್ದರೆ ನೂರಕ್ಕೂ ಹೆಚ್ಚು ಪೆಟ್ಟು ಬೇಕಾಗಬಹುದು, ಬೇಸರಪಡಬೇಡಿ.

4. ದೊಡ್ಡ ಪಂಪಿನ ಏರ್ ಸ್ಕ್ರೂ. ರೋಟರಿ ಪಂಪಿನಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ, ಒಂದು ಮಗ್ಗುಲಿನಲ್ಲಿ ಕೆಳಗೆ, ಒಂದು ಮೇಲಿನ ಗವರ್ನರ್ ಪೆಟ್ಟಿಗೆಯಲ್ಲಿ. ಕೆಳಗಿನದನ್ನು ಮೊದಲು ಮುಗಿಸಿ. ಅಲ್ಲಿರುವ ಬೇರೆ ಸ್ಕ್ರೂಗಳನ್ನು, ಸೀಲ್ ತಂತಿ ಹಾಕಿದ್ದನ್ನಂತೂ, ಮುಟ್ಟಬೇಡಿ.

5. ನೋಜಲ್ ಕಡೆಯ ಪೈಪಿನ ನಟ್ಟುಗಳನ್ನು ಅರ್ಧದಿಂದ ಒಂದು ಸುತ್ತು ಮಾತ್ರ ಸಡಿಲಿಸಿ. ಗೇರ್ ನ್ಯೂಟ್ರಲ್, ಸ್ಟಾಪ್ ಒಳಗೆ, ರೇಸ್ ಪೂರ್ತಿ. ಸೆಲ್ಫ್ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಪ್ರತಿ ನಟ್ಟಿನಲ್ಲೂ ಗುಳ್ಳೆ ಇಲ್ಲದೆ ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ, ರೇಸ್ ಕಡಿಮೆ ಮಾಡಿ ಸ್ಟಾರ್ಟ್ ಮಾಡಿ.

ನೋಜಲ್ ಪೈಪಿನಲ್ಲಿ ಬರುವ ಡೀಸೆಲ್ 200 ಬಾರ್ ಸುಮಾರಿನ ಒತ್ತಡದ್ದು. ಬೆರಳಿಟ್ಟು ನೋಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಸೂಜಿಮೊನೆಯಷ್ಟು ಸೀಳಿನಿಂದ ಬಂದ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ನೋವೂ ಮೊದಲು ಇರುವುದಿಲ್ಲ, ಕೆಲವು ಗಂಟೆಗಳಲ್ಲಿ ಬೆರಳೇ ಕೊಳೆಯುವ ಹಂತಕ್ಕೆ ಬರುತ್ತದೆ. ಹಾಗಾದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ, ‘ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ’ ಎಂದು ಬಿಡಿಸಿ ಹೇಳಿ.

ಪಂಪನ್ನು ಅಂಗಡಿಗೆ ಒಯ್ಯಲೇಬೇಕಾದರೆ

ಇಷ್ಟೆಲ್ಲ ಆಗಿ, ಪಂಪಿನ ಒಳಬಾಯಿಗೆ ಗುಳ್ಳೆಯಿಲ್ಲದ ಡೀಸೆಲ್ ಧಾರಾಳವಾಗಿ ಬರುತ್ತಿದ್ದೂ ಲೋಡಿನಲ್ಲಿ ಎಳೆಯದಿದ್ದರೆ ಆಗ ಪಂಪ್ ಇಳಿಸಿ. ಬೋಲ್ಟ್ ಬಿಚ್ಚುವ ಮೊದಲು ಪಂಪಿನ ಫ್ಲಾಂಜ್ ಮತ್ತು ಇಂಜಿನ್ನಿನ ಮೇಲೆ ಒಂದೇ ಗೆರೆಯಾಗುವಂತೆ ಚಾಣದಿಂದ ಗುರುತು ಹಾಕಿ. ಮೊದಲಿನಿಂದ ಗುರುತಿದ್ದರೆ ಅದು ಸರಿ ಹೊಂದಿಕೊಂಡಿದೆಯೇ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಈ ಗೆರೆ ತಪ್ಪಿ ಕೂರಿಸಿದರೆ ಟೈಮಿಂಗ್ ಹೋಗಿ ಇಂಜಿನ್ ಬಡಿಯುತ್ತದೆ ಇಲ್ಲವೇ ಬಿಳಿ ಹೊಗೆ ಉಗುಳುತ್ತದೆ. ಬಿಚ್ಚಿದ ಪ್ರತಿ ಬಾಯಿಗೂ, ಪಂಪಿನದ್ದಿರಲಿ ಪೈಪಿನದ್ದಿರಲಿ, ಸ್ವಚ್ಛ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಹಾಕಿ. ನೋಜಲ್‌ಗಳನ್ನೂ ಜೊತೆಗೆ ಒಯ್ಯಿರಿ. ಪಂಪ್ ಹೊಸದರಂತೆ ಮಾಡಿಸಿ ಹಳೆ ನೋಜಲ್ ಹಾಕಿದರೆ ಅರ್ಧ ಕೆಲಸ ಮಾತ್ರ.

ದಾವಣಗೆರೆ, ಚಿತ್ರದುರ್ಗ ಎರಡೂ ಊರಿನಲ್ಲಿ ಟೆಸ್ಟ್ ಬೆಂಚ್ ಇಟ್ಟುಕೊಂಡ ಪಂಪ್ ಅಂಗಡಿಗಳಿವೆ. ಬೆಂಚ್ ಇಲ್ಲದ ಕಡೆ ಪಂಪ್ ಬಿಚ್ಚಿಸಬೇಡಿ. ಪ್ರತಿ ಎಲಿಮೆಂಟ್ ಎಷ್ಟು ಮಿ.ಲೀ. ಕೊಡುತ್ತಿದೆ ಎಂದು ರಿಪೇರಿಗೆ ಮೊದಲೂ ಆಮೇಲೂ ಅಳೆದು ಬರೆದುಕೊಡಲು ಕೇಳಿ. ಗಾಡಿಯ ಮಾಡೆಲ್, ಪಂಪಿನ ಮೇಲಿನ ತಗಡಿನ ನಂಬರ್ ಹೇಳಿ, ಏಕೆಂದರೆ ಡೀಸೆಲ್ ಅಳತೆ ಪ್ರತಿ ಮಾಡೆಲ್ಲಿಗೂ ಬೇರೆ. ‘ಸ್ವಲ್ಪ ಜಾಸ್ತಿ ಡೀಸೆಲ್ ಬಿಡಿ, ಎಳೆಯಲಿ’ ಎಂದು ಹೇಳಿ ಮಾಡಿಸಿಕೊಂಡು ತಂದ ಪಂಪ್ ಒಂದು ಹಂಗಾಮು ಚೆನ್ನಾಗಿ ಎಳೆದು, ಕಪ್ಪು ಹೊಗೆ ಬಿಟ್ಟು, ಪಿಸ್ಟನ್ ಸುಡುತ್ತದೆ. ಬದಲಿಸಿದ ಹಳೆ ಎಲಿಮೆಂಟ್, ವಾಲ್ವ್‌ಗಳನ್ನು ಕೇಳಿ ವಾಪಸು ತನ್ನಿ. ಅವುಗಳ ಮೈಮೇಲೆ ಉದ್ದುದ್ದ ಗೀರು ಕಂಡರೆ ಧೂಳು, ತುಕ್ಕಿನ ಕಲೆ ಕಂಡರೆ ನೀರು. ಹಾಗಿದ್ದಲ್ಲಿ ರಿಪೇರಿಯಾದ ಪಂಪ್ ಕೂರಿಸುವ ಮೊದಲು ಟ್ಯಾಂಕ್ ಇಳಿಸಿ ತೊಳೆದು, ಎರಡೂ ಫಿಲ್ಟರ್ ಹೊಸದು ಹಾಕಿ.